ಫಂಕ್ಷನಲ್ ಕೋಡಿನ್ಯಾಗ ಸ್ಟಬ್, ಸ್ಪೈ ಹ್ಯಾಂಗ ಹಾಕ್ಬೇಕ್ರಿ?

ಕಲಬುರಗಿ, ಬೀದರ್ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು, ಹೊಸದಾಗಿ ಕೆಲಸಕ್ಕೆ ಸೇರಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆ: "ಸರ್, ಜಾವಾದಾಗ ಮಾಕ್ ಲೈಬ್ರರಿಗೆ ಕ್ಲಾಸ್ ಕೊಟ್ರ ನಕಲಿ ಆಬ್ಜೆಕ್ಟ್ ಮಾಡಿ ಕೊಡ್ತದ. ಫಂಕ್ಷನಲ್ ಕೋಡಿನ್ಯಾಗ ಕ್ಲಾಸೇ ಇಲ್ಲಲ್ರಿ. ಅಲ್ಲಿ ಸ್ಟಬ್, ಸ್ಪೈ ಹ್ಯಾಂಗ ಹಾಕ್ಬೇಕು?"

ಸ್ಟಬ್, ಸ್ಪೈ ಎಂದರೆ ಕೋಡನ್ನು ಟೆಸ್ಟ್ ಮಾಡುವಾಗ ಅಸಲಿ ಫಂಕ್ಷನ್ನಿನ ಜಾಗಕ್ಕೆ ಇಡುವ ನಕಲಿಗಳು. ಅವಕ್ಕೆ ಲೈಬ್ರರಿ ಬೇಕಾಗಿಲ್ಲ. ಫಂಕ್ಷನ್ನನ್ನೇ ಆರ್ಗ್ಯುಮೆಂಟ್ ಆಗಿ ಕೊಡಲು ಬರುವ ಭಾಷೆಯಲ್ಲಿ ಸ್ಟಬ್ ಒಂದು ಸಾಲು, ಸ್ಪೈ ಐದಾರು ಸಾಲು. ಎಲ್ಲಿ ಹಾಕಬಾರದು ಎಂದು ತಿಳಿದುಕೊಳ್ಳುವುದಕ್ಕೇ ಹೆಚ್ಚು ಹೊತ್ತು ಬೇಕು.

ಈ ಹೆಸರುಗಳನ್ನು ಜೆರಾರ್ಡ್ ಮೆಸ್ಜಾರೋಸ್ 2007ರಲ್ಲಿ, ಟೆಸ್ಟ್ ಬರೆಯುವ ಬಗೆಯ ಕುರಿತ ತಮ್ಮ ಪುಸ್ತಕದಲ್ಲಿ, ಬೇರೆ ಬೇರೆ ಮಾಡಿ ವಿವರಿಸಿದರು. ಕೇಳಿದಾಗ ಮೊದಲೇ ಗೊತ್ತುಮಾಡಿದ ಉತ್ತರ ಕೊಡುವುದು ಸ್ಟಬ್. ತನ್ನನ್ನು ಎಷ್ಟು ಸಲ, ಏನು ಕೊಟ್ಟು ಕರೆದರು ಎಂದು ಬರೆದಿಟ್ಟುಕೊಳ್ಳುವುದು ಸ್ಪೈ. ಕೋಡಿನ ಒಳಗೆ ಬರುವ ಮಾಹಿತಿಗೆ ಸ್ಟಬ್, ಹೊರಗೆ ಹೋಗುವ ಕೆಲಸಕ್ಕೆ ಸ್ಪೈ ಎಂದು ನೆನಪಿಟ್ಟುಕೊಂಡರೆ ಸಾಕು.

ಕಲಬುರಗಿಯ ನೆಹರು ಗಂಜಿನ ಅಡತ್ ಅಂಗಡಿಯೊಂದಕ್ಕೆ ತೊಗರಿ ಲೆಕ್ಕದ ಪ್ರೋಗ್ರಾಂ ಬರೆಯುತ್ತಿದ್ದೀರಿ ಎಂದುಕೊಳ್ಳಿ. ಸರ್ವರಿನಿಂದ ಇವತ್ತಿನ ದರ ತರಬೇಕು, ರೈತರಿಗೆ ಎಷ್ಟು ಕೊಡಬೇಕೆಂದು ಲೆಕ್ಕ ಹಾಕಬೇಕು, ಅವರ ಫೋನಿಗೆ ಎಸ್ಸೆಮ್ಮೆಸ್ ಕಳಿಸಬೇಕು. ತೇವ ಶೇಕಡಾ 12 ದಾಟಿದರೆ ಮೇಲಿನ ಪ್ರತಿ ಒಂದಕ್ಕೆ ತೂಕದಲ್ಲಿ ಶೇಕಡಾ 1 ಕಡಿತ ಎಂಬ ನಿಯಮ ಇಟ್ಟುಕೊಳ್ಳೋಣ. ಮುಖ್ಯ ಫಂಕ್ಷನ್ ಹೀಗಿರಲಿ: ಪಟ್ಟಿ_ಮಾಡು(ದರ_ತರು, ಕಳಿಸು, ಚೀಟಿ). ಹೊರಗಿನ ಕೆಲಸದ ಎರಡು ಫಂಕ್ಷನ್ ಮೊದಲು, ಮಾಹಿತಿ (ರೈತರ ಬೆಳೆ, ತೂಕ, ತೇವ, ಫೋನ್ ನಂಬರ್ ಇರುವ ಚೀಟಿ) ಕೊನೆಗೆ. ಈ ಕ್ರಮಕ್ಕೆ ಕಾರಣವಿದೆ: ಮೊದಲ ಎರಡನ್ನು ಪ್ರೋಗ್ರಾಂ ಶುರುವಾಗುವಾಗ ಒಮ್ಮೆ ತುಂಬಿಸಿಬಿಟ್ಟರೆ, ಉಳಿದ ಕೋಡೆಲ್ಲ ಚೀಟಿ ಮಾತ್ರ ಕೊಟ್ಟು ಕರೆಯುತ್ತದೆ.

ಟೆಸ್ಟಿನಲ್ಲಿ ದರ_ತರು ಜಾಗಕ್ಕೆ "ತೊಗರಿ ಎಂದರೆ 7500" ಎನ್ನುವ ಒಂದು ಸಾಲಿನ ಫಂಕ್ಷನ್ ಕೊಡಿ. ಚೀಟಿಯಲ್ಲಿ 10 ಕ್ವಿಂಟಲ್, ತೇವ ಶೇಕಡಾ 14. ಕಡಿತ ಕಳೆದು 9.8 ಕ್ವಿಂಟಲ್, 73,500 ರೂಪಾಯಿ ಬರಬೇಕು. ಸ್ಟಬ್ಬಿಗೆ ಗೊತ್ತಿಲ್ಲದ ಬೆಳೆಯ ಹೆಸರು ಬಂದರೆ ಅದು ಎರರ್ ಎಸೆಯಲಿ. ಏನು ಕೇಳಿದರೂ 7500 ಎನ್ನುವ ಸ್ಟಬ್, ಕೋಡು ತಪ್ಪಾಗಿ ಕಡಲೆಯ ದರ ಕೇಳಿದರೂ ಟೆಸ್ಟನ್ನು ಪಾಸು ಮಾಡಿಸುತ್ತದೆ. ಸರ್ವರ್ ಉತ್ತರಿಸದಾಗಿನ ಎರರಿಗೆ ಒಂದು, ಮಾರುಕಟ್ಟೆ ರಜೆಯಿಂದ ದರವೇ ಇಲ್ಲದ ದಿನಕ್ಕೆ ಇನ್ನೊಂದು ಸ್ಟಬ್ ಬರೆಯಿರಿ. ಹೆಚ್ಚಿನವರು ಈ ಎರಡನ್ನು ಬಿಟ್ಟುಬಿಡುತ್ತಾರೆ, ಕೋಡು ಬೀಳುವುದು ಇಲ್ಲಿಯೇ.

ಸ್ಪೈ ಹೀಗೆ:

ಸ್ಪೈ_ಮಾಡು(ಉತ್ತರ):
  ಕರೆಗಳು = []
  ಸ್ಪೈ(ಬಂದದ್ದು):
    ಕರೆಗಳು.ಸೇರಿಸು(ನಕಲು(ಬಂದದ್ದು))
    ಮರಳಿಸು ಉತ್ತರ
  ಮರಳಿಸು ಸ್ಪೈ, ಕರೆಗಳು

ಆಮೇಲೆ ಕರೆಗಳ ಉದ್ದ 1 ಇದೆಯೇ, ಮೊದಲ ಕರೆಯಲ್ಲಿ ಸರಿಯಾದ ಫೋನ್ ನಂಬರೂ 73,500 ಇರುವ ಸಾಲೂ ಇವೆಯೇ ನೋಡಿ. "ನಕಲು" ಎಂಬ ಪದ ಬಿಡಬೇಡಿ. ಜಾವಾಸ್ಕ್ರಿಪ್ಟಿನಲ್ಲಿ ಆಬ್ಜೆಕ್ಟನ್ನು ಹಾಗೆಯೇ ಇಟ್ಟುಕೊಂಡರೆ, ಕರೆ ಆದ ಮೇಲೆ ಯಾರಾದರೂ ಅದನ್ನು ತಿದ್ದಿದರೂ ಸ್ಪೈ ತಿದ್ದಿದ್ದನ್ನೇ ತೋರಿಸುತ್ತದೆ. ಉತ್ತರವನ್ನೂ ಮರೆಯಬೇಡಿ. ಅಸಲಿ ಕಳಿಸು ಪ್ರಾಮಿಸ್ (ಉತ್ತರ ಆಮೇಲೆ ಬರುತ್ತದೆ ಎನ್ನುವ ಆಬ್ಜೆಕ್ಟ್) ಕೊಡುತ್ತಿದ್ದರೆ ಸ್ಪೈ ಕೂಡ ಪ್ರಾಮಿಸ್ಸನ್ನೇ ಕೊಡಬೇಕು, ಇಲ್ಲದಿದ್ದರೆ ಮುಂದಿನ ಹೆಜ್ಜೆಯಲ್ಲಿ ಸಂಬಂಧವೇ ಇಲ್ಲದ ಎರರ್ ಬರುತ್ತದೆ. ಪ್ರತಿ ಟೆಸ್ಟಿಗೂ ಹೊಸ ಸ್ಪೈ ಮಾಡಿ. ಫೈಲಿನ ಮೇಲ್ಭಾಗದಲ್ಲಿ ಒಂದೇ ಸ್ಪೈ ಇಟ್ಟು ಎಲ್ಲ ಟೆಸ್ಟಿಗೂ ಬಳಸಿದರೆ ಹಿಂದಿನ ಟೆಸ್ಟಿನ ಕರೆಯೂ ಎಣಿಕೆಗೆ ಸೇರುತ್ತದೆ.

ಫಂಕ್ಷನ್ನನ್ನು ಆರ್ಗ್ಯುಮೆಂಟ್ ಆಗಿ ಕೊಡದೆ, ಹೊರಗಿನಿಂದ ಬದಲಿಸಲು ಹೋದವರಿಗೆ ಬರುವ ತೊಂದರೆಗಳೇ ಬೇರೆ. ಜಾವಾಸ್ಕ್ರಿಪ್ಟಿನ ಇಎಸ್ ಮಾಡ್ಯೂಲಿನ (ಈಗಿನ ಪದ್ಧತಿಯ ಕೋಡ್ ಫೈಲಿನ) ಎಕ್ಸ್‌ಪೋರ್ಟನ್ನು ಹೊರಗಿನಿಂದ ಬದಲಿಸಲು ಬರುವುದಿಲ್ಲ, ಹಾಗಾಗಿ ಜೆಸ್ಟ್ ಎಂಬ ಟೆಸ್ಟ್ ಲೈಬ್ರರಿಯ ಸ್ಪೈಆನ್ ಅಲ್ಲಿ ಎರರ್ ಕೊಡುತ್ತದೆ. ಹಳೆಯ ಮಾಡ್ಯೂಲ್ ಪದ್ಧತಿಯಾದ ಕಾಮನ್‌ಜೆಎಸ್‌ನಲ್ಲಿ ಬದಲಿಸಲು ಬಂದರೂ, ಅದೇ ಫೈಲಿನೊಳಗೆ ಒಂದು ಫಂಕ್ಷನ್ ಇನ್ನೊಂದನ್ನು ನೇರ ಹೆಸರಿನಿಂದ ಕರೆದರೆ ಆ ಕರೆ ಸ್ಪೈವರೆಗೆ ಬರುವುದೇ ಇಲ್ಲ. ಕ್ಲೋಜರ್ ಭಾಷೆಯಲ್ಲಿ ಫಂಕ್ಷನ್ನನ್ನು ಸ್ವಲ್ಪ ಹೊತ್ತು ಬದಲಿಸಿಡುವ ವಿತ್-ರಿಡೆಫ್ಸ್ ಇನ್ನೂ ಮೋಸದ್ದು. ಅದರೊಳಗೆ ಮ್ಯಾಪ್ ಬಳಸಿದರೆ ಸಿಗುವುದು ಲೇಜಿ ಸೀಕ್ವೆನ್ಸ್, ಅಂದರೆ ಓದಿದಾಗ ಮಾತ್ರ ಲೆಕ್ಕವಾಗುವ ಪಟ್ಟಿ. ಟೆಸ್ಟು ಅದನ್ನು ಓದುವ ಹೊತ್ತಿಗೆ ವಿತ್-ರಿಡೆಫ್ಸ್ ಮುಗಿದು ಅಸಲಿ ಫಂಕ್ಷನ್ ವಾಪಸ್ ಬಂದಿರುತ್ತದೆ. ಎಸ್ಸೆಮ್ಮೆಸ್ ನಿಜವಾಗಿಯೇ ಹೋಗುತ್ತದೆ! ಒಳಗೇ ಡೂಆಲ್ ಹಾಕಿ ಪಟ್ಟಿಯನ್ನೆಲ್ಲ ಅಲ್ಲೇ ಲೆಕ್ಕ ಮಾಡಿಸಿದರೆ ಇದು ತಪ್ಪುತ್ತದೆ. ಆದರೆ ಬದಲಾವಣೆ ಎಲ್ಲ ಥ್ರೆಡ್‌ಗಳಿಗೂ ಕಾಣುವುದರಿಂದ ಒಟ್ಟೊಟ್ಟಿಗೆ ಓಡುವ ಟೆಸ್ಟುಗಳು ಒಂದನ್ನೊಂದು ಕೆಡಿಸುವುದು ತಪ್ಪುವುದಿಲ್ಲ.

ಎಲಿಕ್ಸಿರ್‌ನಲ್ಲಿ ಲಿಸ್ಟಿನ ಬದಲು ಟೆಸ್ಟಿನ ಪ್ರೋಸೆಸ್ಸಿಗೇ ಮೆಸೇಜ್ ಕಳಿಸಿ, ಅಸರ್ಟ್_ರಿಸೀವ್‌ನಿಂದ ಹಿಡಿಯುತ್ತಾರೆ. ಬೇರೆ ಸಮಯ ಹೇಳದಿದ್ದರೆ ಅದು 100 ಮಿಲಿಸೆಕೆಂಡ್ ಕಾಯುತ್ತದೆ. ಸೆಲ್ಫ್ (ಈಗ ಓಡುತ್ತಿರುವ ಪ್ರೋಸೆಸ್ಸಿನ ಗುರುತು) ಅನ್ನು ಸ್ಪೈಯ ಹೊರಗೇ ಒಂದು ಹೆಸರಿಗೆ ಹಾಕಿಟ್ಟುಕೊಳ್ಳಿ. ಒಳಗೆ ಬರೆದರೆ, ಸ್ಪೈ ಬೇರೆ ಪ್ರೋಸೆಸ್ಸಿನಲ್ಲಿ ಓಡಿದಾಗ ಮೆಸೇಜ್ ಆ ಪ್ರೋಸೆಸ್ಸಿಗೇ ಹೋಗುತ್ತದೆ, ಟೆಸ್ಟು ಸುಮ್ಮನೆ ಕಾದು ಫೇಲ್ ಆಗುತ್ತದೆ.

ಇನ್ನು, ಎಲ್ಲಿ ಹಾಕಬಾರದು? ಕಡಿತದ ಲೆಕ್ಕ ಪ್ಯೂರ್ ಫಂಕ್ಷನ್, ಅಂದರೆ ಕೊಟ್ಟದ್ದರಿಂದ ಉತ್ತರ ಕೊಡುವುದು ಬಿಟ್ಟು ಹೊರಗೆ ಏನೂ ಮಾಡುವುದಿಲ್ಲ. ಅದಕ್ಕೆ ಸ್ಪೈ ಹಾಕಿ "ಕಡಿತ_ಲೆಕ್ಕ ಒಂದು ಸಲ ಕರೆಯಲ್ಪಟ್ಟಿತೇ" ಎಂದು ನೋಡುವ ಟೆಸ್ಟನ್ನು ದಯವಿಟ್ಟು ಬರೆಯಬೇಡಿ. ನಾಳೆ ಎರಡು ಫಂಕ್ಷನ್ ಕೂಡಿಸಿ ಒಂದು ಮಾಡಿದರೆ, ಉತ್ತರ ಸರಿಯಿದ್ದರೂ ಟೆಸ್ಟು ಒಡೆಯುತ್ತದೆ. 10 ಕ್ವಿಂಟಲ್ ಕೊಡಿ, 9.8 ಬಂತೇ ನೋಡಿ, ಅಷ್ಟೇ. ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಪಟ್ಟಿ_ಮಾಡು ಒಳಗೆ ಎಸ್ಸೆಮ್ಮೆಸ್ ಕಳಿಸುವುದನ್ನೇ ಬಿಡಬಹುದು. ದರವನ್ನು ಬರೀ ಅಂಕಿಯಾಗಿ ತೆಗೆದುಕೊಂಡು "ಈ ನಂಬರಿಗೆ ಈ ಸಾಲು" ಎಂಬ ಮಾಹಿತಿಯನ್ನು ಅದು ಮರಳಿಸಲಿ, ಕಳಿಸುವುದನ್ನು ಹೊರಗಿನ ತೆಳ್ಳನೆಯ ಕೋಡು ಮಾಡಲಿ. ಆಗ ಲೆಕ್ಕದ ಟೆಸ್ಟಿಗೆ ಸ್ಟಬ್ಬೂ ಬೇಡ, ಸ್ಪೈಯೂ ಬೇಡ. ನನ್ನ ಮಟ್ಟಿಗೆ ಇದೇ ಒಳ್ಳೆಯ ದಾರಿ.

ಹಾಗಿದ್ದರೂ ಸ್ಪೈ ಬೇಕೇ ಬೇಕಾಗುವ ಜಾಗ ಒಂದಿದೆ: ಕಳಿಸಿದ್ದು ಹೋಗದಿದ್ದರೆ ಮತ್ತೆ ಪ್ರಯತ್ನಿಸುವ ಕೋಡು. ಅಲ್ಲಿ ಎಷ್ಟು ಸಲ ಕರೆದರು ಎಂಬುದೇ ಫಲಿತಾಂಶ. ಕಳಿಸು ಜಾಗಕ್ಕೆ "ಎರರ್, ಎರರ್, ಸರಿ" ಎಂದು ಸಾಲಾಗಿ ಉತ್ತರಿಸುವ ಸ್ಪೈ ಕೊಡಿ. ಕಾಯುವ ಫಂಕ್ಷನ್ನನ್ನೂ ಆರ್ಗ್ಯುಮೆಂಟ್ ಮಾಡಿ ಅದಕ್ಕೂ ಒಂದು ಸ್ಪೈ ಕೊಡಿ. 1 ಸೆಕೆಂಡಿನಿಂದ ಶುರುಮಾಡಿ ಪ್ರತಿ ಸಲ ಎರಡರಷ್ಟು ಕಾಯುವ ನಿಯಮವಿದ್ದರೆ ಮೊದಲನೆಯದರಲ್ಲಿ 3 ಕರೆ, ಎರಡನೆಯದರಲ್ಲಿ 1 ಮತ್ತು 2 ಎಂಬ ಸೆಕೆಂಡುಗಳು ದಾಖಲಾಗಿರಬೇಕು. ಮೂರನೆಯ ಅಂಕಿ ಕಂಡರೆ, ಎಸ್ಸೆಮ್ಮೆಸ್ ಹೋದ ಮೇಲೂ ನಿಮ್ಮ ಕೋಡು ಕಾಯುತ್ತಾ ಕುಂತಿದೆ.