ಅರ್ಪಣೆಯ ಪುಟ

ಪುಸ್ತಕ ಕೈಗೆತ್ತಿಕೊಂಡರೆ ನಾವು ಸಲೀಸಾಗಿ ಹಾರಿಸಿಬಿಡುವ ಪುಟ ಅಂದ್ರೆ ಅರ್ಪಣೆಯದ್ದು. ಆದರೆ ‘ಶ್ರೀ ರಾಮಾಯಣ ದರ್ಶನಂ’ ತೆರೆದಾಗೆಲ್ಲ ನಾನು ಅಲ್ಲೇ ನಿಂತುಬಿಡ್ತೀನಿ. ಕುವೆಂಪು ಅಷ್ಟು ದೊಡ್ಡ ಕಾವ್ಯವನ್ನು ಅರ್ಪಿಸಿದ್ದು ಯಾವ ದೊರೆಗೂ ಅಲ್ಲ, ಮಹಾರಾಜಾ ಕಾಲೇಜಿನಲ್ಲಿ ತಮಗೆ ಪಾಠ ಹೇಳಿದ ತಳುಕಿನ ವೆಂಕಣ್ಣಯ್ಯನವರಿಗೆ. ಮೇಷ್ಟ್ರು ತೀರಿಕೊಂಡದ್ದು 1939ರಲ್ಲಿ. ಕಾವ್ಯ ಅಚ್ಚಾಗಿ ಬಂದದ್ದು 1949ರಲ್ಲಿ. ಹತ್ತು ವರ್ಷದ ಹಿಂದೆ ಹೋದವರ ಮುಂದೆ ನಿಂತು ‘ಮುಗಿಸಿ ತಂದಿದ್ದೀನಿ, ನೋಡಿ’ ಅನ್ನುವ ಧಾಟಿ ಅಲ್ಲಿದೆ. ಹೋಂವರ್ಕ್ ತೋರಿಸೋಕೆ ಓಡಿ ಬಂದ ಹುಡುಗನ ಉಮೇದು.

ವೆಂಕಣ್ಣಯ್ಯನವರು ತಾವಾಗಿ ಬರೆದದ್ದು ಕಡಿಮೆ, ಬರೆಸಿದ್ದೇ ಹೆಚ್ಚು. ಇಂಥವರ ಬಯೋಡೇಟಾ ಯಾವಾಗಲೂ ಸಣ್ಣದು. ಶಿಷ್ಯರನ್ನೂ ಸೇರಿಸಿದರೆ ಮಾತ್ರ ಉದ್ದ ಆಗುತ್ತೆ.

ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು ಈಗ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿದ್ದಾರೆ. ಗುಡ್ ಮಾರ್ನಿಂಗ್ ಮೆಸೇಜಿಗೆ ಉತ್ತರ ಕೊಡೋದಿಲ್ಲ. ಹಬ್ಬದ ದಿನ ಯಾರಾದರೂ ‘ಹಾರ್ಧಿಕ ಶುಭಾಷಯಗಳು’ ಅಂತ ಹಾಕಿದರೆ ಮಾತ್ರ, ಕಾಯ್ತಾ ಕೂತಿದ್ದವರ ಹಾಗೆ ತಿದ್ದಿದ ಸಾಲು ಬಂದುಬಿಡುತ್ತೆ: ‘ಹಾರ್ದಿಕ ಶುಭಾಶಯಗಳು’. ಜೊತೆಗೆ ಒಂದು ಇಮೋಜಿಯೂ ಇಲ್ಲ. ಕೋರ್ಟಿನಲ್ಲಿ ಗುಡುಗುವ ವಕೀಲ, ಊರಿಗೆಲ್ಲ ಬುದ್ಧಿ ಹೇಳುವ ಡಾಕ್ಟರು, ಎಲ್ಲರದ್ದೂ ಒಂದೇ ಉತ್ತರ, ‘ಸರಿ ಸರ್’. ದುಬೈನಲ್ಲಿರುವ ಗೆಳೆಯ ಇನ್ನೂ ಜಾಣ. ಮೊದಲು ಮೇಷ್ಟ್ರಿಗೆ ಪರ್ಸನಲ್ ಆಗಿ ಕಳಿಸ್ತಾನೆ, ಅವರು ಓಕೆ ಅಂದಮೇಲೇ ಗ್ರೂಪಿಗೆ ಹಾಕೋದು.