ಬೆಳಿಗ್ಗೆಯೇ ಮುಸ್ಸಂಜೆ

ಇಂದು ಬೆಳಿಗ್ಗೆ ಶೆಟ್ಟಿಹಳ್ಳಿಯ ಹಳೆಯ ಚರ್ಚಿನ ಬಳಿ ಕುಳಿತಿದ್ದೆ. ಹೇಮಾವತಿಯ ಹಿನ್ನೀರು ಗೋಡೆಗಳ ನಡುವೆ ತುಂಬಿತ್ತು. ದೂರದ ಕಮಾನಿನ ಮೇಲೊಂದು ಮಿಂಚುಳ್ಳಿ.

ಚೌಕಾಸಿ ಮಾಡಿ ತಂದಿದ್ದ ಅಗ್ಗದ ಟೆಲಿಕನ್ವರ್ಟರನ್ನು, ಅಂದರೆ ದೂರದ್ದನ್ನು ಇಮ್ಮಡಿ ಹತ್ತಿರ ತೋರಿಸುವ ಗಾಜಿನ ತುಣುಕನ್ನು, ಕ್ಯಾಮೆರಾಗೂ ಲೆನ್ಸ್‌ಗೂ ನಡುವೆ ಸಿಕ್ಕಿಸಿದೆ. 300 ಮಿ.ಮೀ. ಲೆನ್ಸ್ ಕ್ಷಣದಲ್ಲಿ 600 ಆಯಿತು. ಎಂಥ ಸಿರಿವಂತಿಕೆ!

ಆದರೆ ಬೆಳಕು ಒಳಬರುವ ಕಿಂಡಿಯ ಅಳತೆ ಎಫ್/5.6 ಇದ್ದದ್ದು ಎಫ್/11ಕ್ಕೆ ಇಳಿಯಿತು (ಈ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ). ನಾಲ್ಕು ಪಾಲು ಬೆಳಕಿನಲ್ಲಿ ಮೂರು ಪಾಲು ಖೋತಾ. ವ್ಯೂಫೈಂಡರಿನೊಳಗೆ ಒಂಬತ್ತು ಗಂಟೆಗೇ ಮುಸ್ಸಂಜೆ. ಆಟೋಫೋಕಸ್ ಅತ್ತಿತ್ತ ತಡಕಾಡಿ ಸುಮ್ಮನಾಯಿತು.

ಇನ್ನೇನು, ಕೈಯಿಂದಲೇ ರಿಂಗ್ ತಿರುಗಿಸಬೇಕು. ಕೂದಲೆಳೆಯಷ್ಟು ಹೆಚ್ಚಾದರೆ ಹಕ್ಕಿಯ ಹಿಂದಿನ ಗಾರೆ ಸ್ಪಷ್ಟ, ಹಕ್ಕಿ ಮಾತ್ರ ನೀಲಿ ಹೊಗೆ. ಉಸಿರು ಬಿಗಿಹಿಡಿದು ಮತ್ತೆ ತಿರುಗಿಸಿದೆ. ಕೊಕ್ಕು ಕಂಡಿತು. ಕೊಕ್ಕಿನಲ್ಲಿ ಮೀನು. ಅದನ್ನು ಕಲ್ಲಿಗೆ ಪಟಪಟನೆ ಬಡಿದು, ತಿರುಗಿಸಿಕೊಂಡು, ತಲೆಯ ಕಡೆಯಿಂದ ನುಂಗಿತು.

ದುಬಾರಿ ಲೆನ್ಸ್ ಇದ್ದಿದ್ದರೆ ಒಂದೇ ಕ್ಷಣದಲ್ಲಿ ಚಿತ್ರ ತೆಗೆದು ಎದ್ದುಬಿಡುತ್ತಿದ್ದೆ. ಈ ಬಡ ಗಾಜು ನನ್ನನ್ನು ಇಪ್ಪತ್ತು ನಿಮಿಷ ಅಲ್ಲೇ ಕೂರಿಸಿತು. (ಹೀಗೆಂದು ಮನೆಯಲ್ಲಿ ಹೇಳಿದರೆ ಮುಂದೆಂದೂ ಲೆನ್ಸ್ ಕೊಳ್ಳಲು ಬಿಡುವುದಿಲ್ಲ.)

ಬಲೆ ಹೊತ್ತು ಬಂದ ಹಿರಿಯರೊಬ್ಬರು ಚಿತ್ರ ನೋಡಿದರು.

"ಚೆನ್ನಾಗಿದೆ ಸ್ವಾಮಿ. ಹೂವೇ?"