ಮಸಾರಿ ನೆಲ, ಕಾಲುವೆ ದಂಡೆ, ನಲವತ್ತರ ಟೈರು

ಗಂಗಾವತಿಯಿಂದ ಆನೆಗೊಂದಿಗೆ ಡಾಂಬರು ರಸ್ತೆ ಇದೆ. ಆದರೆ ಗ್ರಾವೆಲ್ ಸೈಕಲ್ (ಮಣ್ಣು, ಜಲ್ಲಿ ದಾರಿಗೂ ಒಗ್ಗುವ ಅಗಲ ಟೈರಿನ ಸೈಕಲ್) ಇದ್ದವರು ಸುಮ್ನೆ ಅದರಲ್ಲೇ ಹೋಗಬೇಡಿ. ಗದ್ದೆ ನಡುವಿನ ಮಣ್ಣಿನ ದಾರಿ ಹಿಡಿಯಿರಿ. ಎರಡೂ ಕಡೆ ಭತ್ತ, ಎದುರಿಗೆ ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆ ಗುಡ್ಡಗಳು, ನೀರು ಬಿಟ್ಟಿದ್ದರೆ ಪಕ್ಕದಲ್ಲೇ ಕಾಲುವೆಯ ಸದ್ದು, ಬೆಳಿಗ್ಗೆ ಆರು ಗಂಟೆಗೆ ಇದಕ್ಕಿಂತ ಇನ್ನೇನು ಬೇಕು?

ನಾನು 40 ಮಿಲಿಮೀಟರ್ ಟೈರು ಹಾಕಿದ್ದೇನೆ, ಗಾಳಿ 35 ಪಿಎಸ್ಐ. ಮಸಾರಿ ನೆಲದಲ್ಲಿ, ಅಂದರೆ ಕೆಂಪು ಮಣ್ಣಿನಲ್ಲಿ, ಇದು ಚೆನ್ನಾಗಿ ಓಡುತ್ತದೆ. ಎರೆ ನೆಲದ, ಅಂದರೆ ಕಪ್ಪು ಮಣ್ಣಿನ, ಕಥೆ ಬೇರೆ. ಒಂದು ಮಳೆ ಬಿದ್ದರೆ ಸಾಕು, ಮಣ್ಣು ಟೈರಿಗೆ ಮೆತ್ತಿಕೊಂಡು ಫೋರ್ಕಿನ ಸಂದಿಯಲ್ಲಿ ತುಂಬಿ ಚಕ್ರವೇ ತಿರುಗುವುದಿಲ್ಲ. ಕಳೆದ ವರ್ಷ ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಒಂದು ಕಿಲೋಮೀಟರ್ ನಡೆದೆ. ಅದಕ್ಕೇ ಹೇಳುತ್ತೇನೆ, ಮಳೆಯಾದ ಮೇಲೆ ಎರಡು ದಿನ ಎರೆ ಹೊಲದ ದಾರಿ ಬೇಡ.

ಇನ್ನೊಂದು ಶತ್ರು ಬಳ್ಳಾರಿ ಜಾಲಿ. ರೈತರು ಬೇಲಿಗೆ ಹಾಕಿದ ಮುಳ್ಳು ದಾರಿಗೂ ಬಿದ್ದಿರುತ್ತದೆ. ಟ್ಯೂಬ್‌ಲೆಸ್ ಮಾಡಿಸಿ ಸೀಲಂಟ್ (ಸಣ್ಣ ತೂತನ್ನು ತಾನೇ ಮುಚ್ಚುವ ದ್ರವ) ಹಾಕಿದ ಮೇಲೆ ಪಂಕ್ಚರ್ ತುಂಬಾ ಕಡಿಮೆಯಾಗಿದೆ.

ಅಂಜನಾದ್ರಿ ಬೆಟ್ಟ ದಾಟಿ ಸಣಾಪುರದ ಕೆರೆ ಕಡೆ ಹೋಗುವಾಗ ಬಂಡೆಗಳ ನಡುವೆ ಕುರುಚಲು ಕಾಡು ಸಿಗುತ್ತದೆ. ನನಗೆ ಅತಿ ಇಷ್ಟದ ಭಾಗ ಅದು. ಅಲ್ಲಿ ಚಿರತೆ ಓಡಾಡುತ್ತವೆ, ಕತ್ತಲಾಗುವ ಮುಂಚೆ ಹೊರಟುಬಿಡಿ. ತುಂಗಭದ್ರೆಗೆ ಇಳಿದರೂ ಈಜಬೇಡಿ, ಸುಳಿ ಜಾಸ್ತಿ. ಕೊಯ್ಲಿನ ದಿನಗಳಲ್ಲಿ ದಾರಿ ಮೇಲೆ ಭತ್ತ ಒಣಗಿಸಿರುತ್ತಾರೆ. ಇಳಿದು, ಸೈಕಲ್ ತಳ್ಳಿಕೊಂಡು ಪಕ್ಕದಿಂದ ಹೋಗಿ. ಅದು ಅವರ ಅನ್ನ ಅಲ್ವಾ.